ಗಣಿ ಕಾರ್ಮಿಕರ ಮತಕ್ಕೆ ನ್ಯಾಯ ಕೇಳಿದ ಜಾಕ್ ಯಬ್ಲೋನ್ಸ್ಕಿ

ಕಾರ್ಮಿಕ ಸಂಘದ ಚುನಾವಣೆಯಲ್ಲಿ ಸೋತವರು ಕೋರ್ಟಿಗೆ ಹೋಗುವುದು ನಮಗೆ ಹೊಸ ಸುದ್ದಿಯಲ್ಲ. ದೂರು ಕೊಟ್ಟವರೇ ತೀರಿಕೊಂಡ ಮೇಲೆ ಆ ದೂರು ಗೆದ್ದದ್ದು ಮಾತ್ರ ಅಪರೂಪ. ಅಮೆರಿಕದ ಗಣಿ ಕಾರ್ಮಿಕರ ನಾಯಕ ಜೋಸೆಫ್ ಯಬ್ಲೋನ್ಸ್ಕಿಯವರ ಕಥೆ ಅಂಥದ್ದು. ಜನರು ಅವರನ್ನು ಜಾಕ್ ಎಂದೇ ಕರೆಯುತ್ತಿದ್ದರು.

1910ರ ಮಾರ್ಚ್ 3ರಂದು ಪಿಟ್ಸ್‌ಬರ್ಗ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಕುಟುಂಬದಲ್ಲಿ ಅವರು ಜನಿಸಿದರು. ಚಿಕ್ಕಂದಿನಲ್ಲೇ ಕಲ್ಲಿದ್ದಲು ಗಣಿಗೆ ಇಳಿದರು. ತಂದೆ ಗಣಿ ದುರಂತದಲ್ಲಿ ಮಡಿದ ಮೇಲೆ ಸಂಘದ ಕೆಲಸದಲ್ಲಿ ತೊಡಗಿ, ಯುನೈಟೆಡ್ ಮೈನ್ ವರ್ಕರ್ಸ್ ಸಂಘದ ಕಾರ್ಯಕಾರಿ ಮಂಡಳಿಯವರೆಗೆ ಏರಿದರು. ಅವರನ್ನು ಸಂತರೆಂದು ನಾವು ಹೇಳುವುದಿಲ್ಲ. ಸಂಘದ ಅಧ್ಯಕ್ಷ ಟೋನಿ ಬಾಯ್ಲ್ ಅವರನ್ನು ಒಂದು ಕಾಲದಲ್ಲಿ ಅವರೂ ಹೊಗಳಿದವರೇ.

1968ರ ನವೆಂಬರ್ 20ರಂದು ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್‌ನಲ್ಲಿ ಗಣಿ ಸ್ಫೋಟಗೊಂಡು 78 ಮಂದಿ ಸತ್ತರು. ಸ್ಥಳಕ್ಕೆ ಬಂದ ಬಾಯ್ಲ್ ಕಂಪನಿಯನ್ನೇ ಮೆಚ್ಚಿ ಮಾತಾಡಿದರು. 1969ರ ಮೇ 29ರಂದು ಯಬ್ಲೋನ್ಸ್ಕಿ ತಾವು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವುದಾಗಿ ಘೋಷಿಸಿದರು.

ಆದರೆ ಸಂಘದ ಹಣ, ಪತ್ರಿಕೆ, ನೌಕರರು ಎಲ್ಲವೂ ಬಾಯ್ಲ್ ಕೈಯಲ್ಲಿದ್ದವು. ನಿವೃತ್ತರಿಗೂ ಮತವಿತ್ತು, ಚುನಾವಣೆಯ ವರ್ಷವೇ ಅವರ ಪಿಂಚಣಿ ತಿಂಗಳಿಗೆ 115 ಡಾಲರಿನಿಂದ 150ಕ್ಕೆ ಏರಿತು. ಯಬ್ಲೋನ್ಸ್ಕಿ ವಕೀಲ ಜೋಸೆಫ್ ರೌ ಅವರೊಂದಿಗೆ ಫೆಡರಲ್ ಕೋರ್ಟಿನ ಮೆಟ್ಟಿಲು ಮತ್ತೆ ಮತ್ತೆ ಹತ್ತಿದರು. ಅವರ ಪ್ರಚಾರ ಪತ್ರಗಳನ್ನು ಸದಸ್ಯರಿಗೆ ಅಂಚೆಯಲ್ಲಿ ಕಳುಹಿಸಬೇಕೆಂದು ಕೋರ್ಟ್ ಸಂಘಕ್ಕೆ ಆದೇಶಿಸಿತು. ಚುನಾವಣೆಗೆ ಮೊದಲೇ ತನಿಖೆ ನಡೆಸಿರೆಂದು ಕಾರ್ಮಿಕ ಇಲಾಖೆಯನ್ನು ಕೇಳಿದಾಗ ಮಾತ್ರ ಕೆಲಸವಾಗಲಿಲ್ಲ. 1959ರ ಕಾನೂನಿನ ದಾರಿ ಹೀಗಿತ್ತು: ಮೊದಲು ಮತದಾನ ಮುಗಿಯಬೇಕು, ಬಳಿಕ ಸಂಘದೊಳಗೆ ದೂರು ಕೊಡಬೇಕು, ಆಮೇಲೆ ಇಲಾಖೆಗೆ. ಫಲಿತಾಂಶ ರದ್ದು ಮಾಡಿಸಲು ಸದಸ್ಯನೊಬ್ಬ ತಾನಾಗಿ ದಾವೆ ಹೂಡುವಂತಿಲ್ಲ, ಇಲಾಖೆಯೇ ಹೂಡಬೇಕು. ಮೋಸದ ಶಂಕೆಯಿರುವ ಸಂಘದ ಬಾಗಿಲನ್ನೇ ಮೊದಲು ತಟ್ಟಬೇಕೆಂಬುದು ನಮಗಂತೂ ವಿಚಿತ್ರವೆನಿಸುತ್ತದೆ.

ಡಿಸೆಂಬರ್ 9ರ ಮತದಾನದಲ್ಲಿ ಅವರು ಸುಮಾರು ಎರಡಕ್ಕೊಂದರಂತೆ ಸೋತರು. ಫಲಿತಾಂಶ ಒಪ್ಪದೆ ಮತ್ತೆ ಇಲಾಖೆಗೆ ದೂರಿತ್ತರು. ಡಿಸೆಂಬರ್ 31ರ ರಾತ್ರಿ, ಪೆನ್ಸಿಲ್ವೇನಿಯಾದ ಕ್ಲಾರ್ಕ್ಸ್‌ವಿಲ್‌ನ ಮನೆಯಲ್ಲಿ ಅವರನ್ನೂ ಪತ್ನಿ ಮಾರ್ಗರೆಟ್, ಮಗಳು ಶಾರ್ಲೆಟ್ ಅವರನ್ನೂ ಮಲಗಿದ್ದಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಜನವರಿ 5ರವರೆಗೆ ಯಾರಿಗೂ ತಿಳಿಯಲಿಲ್ಲ. ಅಂತ್ಯಕ್ರಿಯೆಯ ಪೂಜೆಯನ್ನು ಕಾರ್ಮಿಕರ ಗುರುಗಳೆಂದೇ ಹೆಸರಾದ ಪಿಟ್ಸ್‌ಬರ್ಗ್‌ನ ಮೊನ್ಸಿಂಜೊರ್ ಚಾರ್ಲ್ಸ್ ಓವೆನ್ ರೈಸ್ ನೆರವೇರಿಸಿದರು.

ಆಮೇಲೆ ಇಲಾಖೆ ಎಚ್ಚೆತ್ತುಕೊಂಡಿತು. 1970ರ ಮಾರ್ಚ್‌ನಲ್ಲಿ ದಾವೆ ಹೂಡಿತು. ಅದರಲ್ಲಿ ಸದಸ್ಯರೂ ಭಾಗಿಯಾಗಬಹುದೆಂದು 1972ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಮೇ 1ರಂದು ನ್ಯಾಯಾಧೀಶ ವಿಲಿಯಂ ಬ್ರಯಂಟ್ ಚುನಾವಣೆಯನ್ನು ರದ್ದುಗೊಳಿಸಿದರು. ಡಿಸೆಂಬರ್‌ನಲ್ಲಿ ಸರಕಾರದ ಮೇಲ್ವಿಚಾರಣೆಯಲ್ಲಿ ಮರುಮತದಾನ ನಡೆದು ಆರ್ನಾಲ್ಡ್ ಮಿಲ್ಲರ್ ಗೆದ್ದರು. ಕೊಲೆ ಮಾಡಿಸಿದ ಆರೋಪ 1974ರಲ್ಲಿ ಸಾಬೀತಾಗಿ ಬಾಯ್ಲ್‌ಗೆ ಜೀವಾವಧಿ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಮರುವಿಚಾರಣೆ ದೊರೆತರೂ 1978ರಲ್ಲಿ ತೀರ್ಪು ಮತ್ತೆ ಅದೇ ಆಯಿತು.

ಯಬ್ಲೋನ್ಸ್ಕಿಯವರ ಮಗ, ವಕೀಲ ಚಿಪ್, ಹೊಸ ಆಡಳಿತದಲ್ಲಿ ಅದೇ ಸಂಘದ ಮುಖ್ಯ ಕಾನೂನು ಸಲಹೆಗಾರರಾದರು.