ನೀರಿನ ಮೇಲೆ ನಿಂತ ತರುಣ: ರಾಲ್ಫ್ ಸ್ಯಾಮ್ಯುಯೆಲ್ಸನ್

ನಮ್ಮ ಠಾಣೆಯನ್ನು ಸರೋವರಗಳ ನಗರವೆಂದು ಕರೆಯುವುದನ್ನು ನೀವೆಲ್ಲರೂ ಕೇಳಿರುವಿರಿ. ರೈಲು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಮಾಸುಂದಾ ಸರೋವರ, ಅಂದರೆ ಜನರ ಬಾಯಿಯ ತಲಾವ್ ಪಾಳಿ, ಕಾಣುತ್ತದೆ. ಯೇವೂರಿನ ಗುಡ್ಡದ ಬುಡದಲ್ಲಿ ಉಪವನವಿದೆ. ಕಲ್ಯಾಣದಿಂದ ಬರುವ ಮಕ್ಕಳು ತಮ್ಮ ಕಾಳಾ ತಲಾವನ್ನು ಬಿಟ್ಟುಕೊಡಲಾರರು. ಸಂಜೆಯ ಹೊತ್ತು ದಂಡೆಯ ಮೇಲೆ ಕುಳಿತು ದೋಣಿಗಳನ್ನು ನೋಡುತ್ತ ಕಡಲೆಕಾಯಿ ತಿನ್ನುವುದು ನಮಗೂ ಪ್ರಿಯವಾದ ಕೆಲಸವೇ. ಆದರೆ ಆ ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ನಿಂತು ಹೋಗಬಹುದೆಂಬ ವಿಚಾರ ನಮ್ಮ ತಲೆಯಲ್ಲಿ ಎಂದೂ ಸುಳಿದಿರಲಿಲ್ಲ. ಅಮೆರಿಕಾ ದೇಶದ ಒಬ್ಬ ಹುಡುಗನ ತಲೆಯಲ್ಲಿ ಅದು ಸುಳಿಯಿತು. ಅವನ ಊರಿನ ಹೆಸರೂ ಲೇಕ್ ಸಿಟಿ, ಅಂದರೆ ಸರೋವರದ ಊರು!

ರಾಲ್ಫ್ ಸ್ಯಾಮ್ಯುಯೆಲ್ಸನ್ 1903ನೆಯ ಇಸವಿಯ ಜುಲೈ 3ರಂದು ಜನಿಸಿದನು. ಅವನ ಊರು ಮಿನ್ನೆಸೋಟಾ ಸಂಸ್ಥಾನದಲ್ಲಿ, ಪೆಪಿನ್ ಎಂಬ ಸರೋವರದ ದಂಡೆಯ ಮೇಲಿದೆ. ಈ ಸರೋವರವನ್ನು ಯಾರೂ ಅಗೆದು ಕಟ್ಟಿದ್ದಲ್ಲ. ಮಿಸಿಸಿಪ್ಪಿ ಮಹಾನದಿಗೆ ಚಿಪ್ಪೆವಾ ಎಂಬ ಉಪನದಿ ಬಂದು ಸೇರುವಲ್ಲಿ ಮರಳು ತುಂಬಿ, ಹಿಂದಿನ ನೀರು ಹರಡಿಕೊಂಡು, ಸುಮಾರು 35 ಕಿಲೋಮೀಟರು ಉದ್ದದ ಸರೋವರವಾಗಿದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಬೇಸಿಗೆಯಲ್ಲಿ ಅದೇ ನೀರಿನಲ್ಲಿ ದೋಣಿಗಳು ಓಡುತ್ತವೆ. ಆ ಶೀತಪ್ರದೇಶದ ಜನರು ಪಾದಗಳಿಗೆ ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವುದು ಬಹಳ ಹಳೆಯ ರೂಢಿ. ಹಿಮವೆಂದರೇನು, ನೀರೇ ತಾನೆ? ಹಿಮದ ಮೇಲೆ ಜಾರಬಹುದಾದರೆ ನೀರಿನ ಮೇಲೇಕೆ ಜಾರಬಾರದು? ತರುಣ ರಾಲ್ಫನನ್ನು ಹಿಡಿದ ಹುಚ್ಚು ಇದು.

1922ರ ಬೇಸಿಗೆ. ರಾಲ್ಫನು ಮೊದಲು ಮರದ ಪೀಪಾಯಿಯ ಬಾಗಿದ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡನು. ದೋಣಿ ಎಳೆಯಿತು; ರಾಲ್ಫನು ಮುಳುಗಿದನು. ಆಮೇಲೆ ಹಿಮದ ಸ್ಕೀಗಳನ್ನೇ ಕಟ್ಟಿಕೊಂಡು ನೋಡಿದನು. ಮತ್ತೆ ಮುಳುಗಿದನು. ಹಿಮದ ಸ್ಕೀ ಕಿರಿದು. ನೀರಿಗೆ ಅಗಲವಾದದ್ದು ಬೇಕೆಂದು ಆಗ ಅವನಿಗೆ ಹೊಳೆಯಿತು. ಪೈನ್ ಮರದ ಎರಡು ಹಲಗೆಗಳನ್ನು ಕೊಂಡುತಂದನು. ಒಂದೊಂದೂ 8 ಅಡಿ ಉದ್ದ, 9 ಅಂಗುಲ ಅಗಲ. ಅವುಗಳ ತುದಿಗಳನ್ನು ಮೇಲಕ್ಕೆ ಬಾಗಿಸಬೇಕು. ಅದಕ್ಕಾಗಿ ತಾಯಿಯ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ, ತುದಿಗಳನ್ನು ಗಂಟೆಗಟ್ಟಲೆ ಕುದಿಸಿ ಮೆತ್ತಗೆ ಮಾಡಿ, ಬಾಗಿಸಿ ಬಿಗಿದನು. (ನಮ್ಮ ಮನೆಗಳಲ್ಲಿ ಸ್ನಾನದ ಹಂಡೆಯಲ್ಲಿ ಯಾರಾದರೂ ಹೀಗೆ ಹಲಗೆ ಬೇಯಿಸಿದ್ದರೆ ಏನಾಗುತ್ತಿತ್ತೆಂಬುದನ್ನು ನಾವು ಬರೆಯಬೇಕಾಗಿಲ್ಲ.) ಪಾದ ತೂರಿಸಲು ಹಲಗೆಯ ನಡುವೆ ಚರ್ಮದ ಪಟ್ಟಿ, ಹಿಡಿಯಲು ಸುಮಾರು 100 ಅಡಿ ಹಗ್ಗ, ಹಗ್ಗದ ತುದಿಗೆ ಒಂದು ಕಬ್ಬಿಣದ ಬಳೆ. ಸಲಕರಣೆ ಇಷ್ಟೇ. ದೋಣಿ ನಡೆಸುವವನು ಅಣ್ಣ ಬೆನ್.

ಇಷ್ಟಾದರೂ ರಾಲ್ಫನು ಮುಳುಗುತ್ತಲೇ ಇದ್ದನು. ದಂಡೆಯ ಮೇಲಿನ ಜನರಿಗೆ ಇದೊಂದು ಬಿಟ್ಟಿ ವಿನೋದವಾಯಿತು. ಅವನ ತಪ್ಪು ಎಲ್ಲಿತ್ತು? ಹಲಗೆಗಳನ್ನು ನೀರಿಗೆ ಸಮವಾಗಿಟ್ಟು, ದೋಣಿ ಎಳೆದೊಡನೆ ಮುಂದಕ್ಕೆ ಬಾಗಿ ಏಳಲು ಯತ್ನಿಸುತ್ತಿದ್ದನು. ಆಗ ಹಲಗೆಯ ತುದಿ ನೀರಿನೊಳಗೆ ನುಗ್ಗುತ್ತಿತ್ತು; ಹಿಂದೆಯೇ ಅವನೂ ನುಗ್ಗುತ್ತಿದ್ದನು. ಕೊನೆಗೆ ಜುಲೈ 2ರಂದು, ಅಂದರೆ ಅವನಿಗೆ 19 ವರ್ಷ ತುಂಬುವುದಕ್ಕೆ ಒಂದು ದಿನ ಮುಂಚೆ, ಅವನು ಇದನ್ನೆಲ್ಲ ತಿರುಗುಮುರುಗು ಮಾಡಿದನು. ನೀರಿನಲ್ಲಿ ಹಿಂದಕ್ಕೆ ಒರಗಿದನು. ಹಲಗೆಗಳ ತುದಿಗಳು ನೀರಿನಿಂದ ಹೊರಗೆ ಇಣುಕುವಂತೆ ಪಾದಗಳನ್ನು ಎತ್ತಿ ಹಿಡಿದನು. ಎಳೆಯುವ ಕೆಲಸವನ್ನು ದೋಣಿಗೆ ಬಿಟ್ಟನು. ಓರೆಯಾದ ಹಲಗೆ ನೀರನ್ನು ಕೆಳಕ್ಕೆ ಒತ್ತಿತು, ನೀರು ಹಲಗೆಯನ್ನು ಮೇಲಕ್ಕೆ ಒತ್ತಿತು. ರಾಲ್ಫ್ ಸ್ಯಾಮ್ಯುಯೆಲ್ಸನ್ ಪೆಪಿನ್ ಸರೋವರದ ಮೇಲೆ ಎದ್ದು ನಿಂತನು.

ಇಲ್ಲಿ ಒಂದು ಮಾತು. ಊರಿನ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ನಾವು. ಸೊಂಟದ ಹಗ್ಗವನ್ನು ಹಿಡಿದು ಮೇಲೆ ನಿಂತಿದ್ದ ಸೋದರಮಾವ, ನೀರನ್ನು ಹೊಡೆಯಬೇಡ, ಅದರ ಮೇಲೆ ಮಲಗು ಎಂದು ದಿನವೂ ಹೇಳುತ್ತಿದ್ದರು. ಅದು ತಿಳಿಯಲು ನಮಗೆ ಒಂದು ಬೇಸಿಗೆಯೇ ಹಿಡಿಯಿತು. ರಾಲ್ಫನಿಗಾದರೋ ಹೇಳಲು ಸೋದರಮಾವನೂ ಇರಲಿಲ್ಲ, ಗುರುವೂ ಇರಲಿಲ್ಲ. ಮುಳುಗಿದ ಪ್ರತಿಯೊಂದು ಸಲವೂ ಅವನಿಗೆ ಒಂದು ಪಾಠ.

ಮುಂದೆ ಅವನ ಸಾಹಸಗಳು ಬೆಳೆದವು. 1925ರ ಜುಲೈ 8ರಂದು, ನೀರಿನಲ್ಲಿ ತೇಲುವ ಅಟ್ಟವೊಂದನ್ನು ಓರೆಮಾಡಿ ಅದರ ಮೇಲಿಂದ ಹಾರಲು ಹೋದನು. ಹಲಗೆಗಳು ಅಟ್ಟಕ್ಕೆ ಅಂಟಿಕೊಂಡು ಅವನು ಮುಗ್ಗರಿಸಿದನು. ಅಟ್ಟಕ್ಕೆ ಹಂದಿಯ ಕೊಬ್ಬನ್ನು ಬಳಿಸಿ ಮತ್ತೆ ಬಂದನು. ಈ ಸಲ ಹಾರಿದನು. ಅದೇ ವರ್ಷ, ನೀರಿನಿಂದಲೇ ಮೇಲೇಳುವ ಒಂದು ವಿಮಾನದ ಹಿಂದೆ ಹಗ್ಗ ಕಟ್ಟಿಸಿಕೊಂಡು ಗಂಟೆಗೆ ಸುಮಾರು 80 ಮೈಲಿ ವೇಗದಲ್ಲಿ ನೀರಿನ ಮೇಲೆ ಸಾಗಿದನು. ಬೇರೆ ಊರುಗಳಿಗೂ ಹೋಗಿ, ಮಿಶಿಗನ್ನಿನಿಂದ ಫ್ಲಾರಿಡಾದವರೆಗೆ, ಪ್ರದರ್ಶನಗಳನ್ನು ಕೊಟ್ಟನು.

ಆದರೆ ಒಂದು ಕೆಲಸವನ್ನು ಅವನು ಮಾಡಲಿಲ್ಲ. ತನ್ನ ಹಲಗೆಗಳಿಗೆ ಸರಕಾರದ ಪೇಟೆಂಟನ್ನು ಪಡೆಯಲಿಲ್ಲ. ಅದೇ 1925ರಲ್ಲಿ ಫ್ರೆಡ್ ವಾಲರ್ ಎಂಬ ನ್ಯೂಯಾರ್ಕಿನ ಕಡೆಯ ಬುದ್ಧಿವಂತನು ತಾನು ಮಾಡಿದ ವಾಟರ್ ಸ್ಕೀಗಳಿಗೆ ಪೇಟೆಂಟ್ ಪಡೆದು ಮಾರಾಟಕ್ಕಿಳಿದನು. ಇದರಲ್ಲಿ ಮೋಸವೇನೂ ಇಲ್ಲ. ವಾಲರನು ತನ್ನ ಯೋಚನೆಯಿಂದಲೇ ಅವನ್ನು ಮಾಡಿದ್ದನು. ಮುಂದೆ ಸಿನೆರಾಮಾ ಎಂಬ ವಿಶಾಲ ತೆರೆಯ ಚಲನಚಿತ್ರವನ್ನು ಕಂಡುಹಿಡಿದವನೂ ಇವನೇ. ಆದರೆ ಕಾಗದದಲ್ಲಿ ಬರೆದದ್ದು ಉಳಿಯಿತು, ನೀರಿನ ಮೇಲೆ ಬರೆದದ್ದು ಅಳಿಸಿಹೋಯಿತು. ಈ ಆಟವು ಫ್ರಾನ್ಸಿನ ಕಡಲತೀರದಲ್ಲಿ ಹುಟ್ಟಿತೆಂದು ನಂಬಿದವರೂ ಇದ್ದರು.

ಅಷ್ಟರಲ್ಲಿ ಫ್ಲಾರಿಡಾದಲ್ಲಿ ದೋಣಿಮನೆಯೊಂದನ್ನು ಕಟ್ಟುತ್ತಿದ್ದಾಗ ಸ್ಯಾಮ್ಯುಯೆಲ್ಸನ್ನರ ಬೆನ್ನಿಗೆ ಭಾರಿ ಪೆಟ್ಟು ಬಿತ್ತು. ನೀರಿನ ಮೇಲಿನ ಸಾಹಸಗಳು ಅಲ್ಲಿಗೆ ಮುಗಿದವು. ಅವರು ಮಿನ್ನೆಸೋಟಾಕ್ಕೆ ಮರಳಿ ಟರ್ಕಿ ಕೋಳಿಗಳನ್ನು ಸಾಕುವ ರೈತರಾದರು. ಅತ್ತ ಅವರ ಆಟ ದೇಶದೇಶಗಳಲ್ಲಿ ಹಬ್ಬುತ್ತಿತ್ತು. 1947ರಲ್ಲಿ ಫ್ಲಾರಿಡಾದ ವಿಂಟರ್ ಹೆವನ್ ಊರಿನಲ್ಲಿ ತರುಣರು ಹಲಗೆಗಳನ್ನೂ ಕಳಚಿ ಬರಿಗಾಲಿನಲ್ಲಿಯೇ ನೀರಿನ ಮೇಲೆ ಓಡಿದರು. ಇಂದು ಅಮೆರಿಕಾದ ಸರೋವರಗಳಲ್ಲಿ ಬೇಸಿಗೆಯ ರಜೆಯಲ್ಲಿ ಈ ಬರಿಗಾಲ ವಿದ್ಯೆಯನ್ನು ಕಲಿಸುವ ಶಿಬಿರಗಳು ನಡೆಯುತ್ತವೆ. ದೋಣಿಯ ಪಕ್ಕಕ್ಕೆ ಚಾಚಿದ ಒಂದು ಕಬ್ಬಿಣದ ಕಂಬವನ್ನು ಹಿಡಿದು ಹೊಸಬರು ಅಭ್ಯಾಸ ಮಾಡುತ್ತಾರೆ; ಗುರುವು ಕೈಗೆಟಕುವಷ್ಟು ಸಮೀಪದಲ್ಲಿ ದೋಣಿಯಲ್ಲಿಯೇ ಕುಳಿತಿರುತ್ತಾನೆ. ಹಲಗೆಗಿಂತ ಪಾದ ಬಹಳ ಚಿಕ್ಕದು. ಆದ್ದರಿಂದ ದೇಹವನ್ನು ಎತ್ತಿಹಿಡಿಯಲು ಗಂಟೆಗೆ 50 ಕಿಲೋಮೀಟರಿಗೂ ಮಿಕ್ಕ ವೇಗ ಬೇಕಾಗುತ್ತದೆ. ಅಷ್ಟು ವೇಗದಲ್ಲಿ ಬಿದ್ದರೆ ನೀರು ನೆಲದಂತೆಯೇ ಬಡಿಯುತ್ತದೆ. ಹಿಂದಕ್ಕೆ ಒರಗು, ಕಾಲ್ಬೆರಳುಗಳನ್ನು ಮೇಲಕ್ಕೆತ್ತು, ಅವಸರದಿಂದ ಏಳಬೇಡ: ಅಲ್ಲಿ ಕಲಿಸುವ ಮೊದಲ ಪಾಠ ಇದೇ. 1922ರಲ್ಲಿ ಪೆಪಿನ್ ಸರೋವರದಲ್ಲಿ ಗುರುವಿಲ್ಲದೆ ಕಲಿತ ಪಾಠ.

ಆ ಗುರುಗಳಲ್ಲಿ ಸ್ಯಾಮ್ಯುಯೆಲ್ಸನ್ನರ ಹೆಸರನ್ನು ಬಲ್ಲವರು ಬಹುಕಾಲ ಯಾರೂ ಇರಲಿಲ್ಲವೆಂದೇ ಹೇಳಬೇಕು. 1963ರಲ್ಲಿ ಒಬ್ಬ ಪತ್ರಿಕಾ ವರದಿಗಾರ್ತಿ ರಜೆಗೆಂದು ಲೇಕ್ ಸಿಟಿಗೆ ಬಂದಳು. ದಂಡೆಯ ಸ್ನಾನಗೃಹದಲ್ಲಿ ಗೋಡೆಗೆ ತೂಗುಹಾಕಿದ್ದ ಹಳೆಯ ಹಲಗೆಗಳು ಅವಳ ಕಣ್ಣಿಗೆ ಬಿದ್ದವು. ಎಷ್ಟೋ ಜನ ಅವನ್ನು ನೋಡಿ ಹೋಗಿದ್ದರು. ಇವಳು ಮಾತ್ರ ಇವು ಯಾರವೆಂದು ವಿಚಾರಿಸಿದಳು. ಅವಳ ಲೇಖನ ಅಚ್ಚಾಯಿತು. ಹಳೆಯ ಪತ್ರಿಕೆಗಳನ್ನು ತೆಗೆದು ನೋಡಿದರು, ಕಣ್ಣಾರೆ ಕಂಡವರನ್ನು ಕೇಳಿದರು. 1966ರಲ್ಲಿ ಅಮೆರಿಕಾದ ವಾಟರ್ ಸ್ಕೀ ಸಂಘವು ಸ್ಯಾಮ್ಯುಯೆಲ್ಸನ್ನರನ್ನೇ ದಾಖಲೆಯುಳ್ಳ ಮೊದಲ ವಾಟರ್ ಸ್ಕೀ ಪಟುವೆಂದು ಅಧಿಕೃತವಾಗಿ ಒಪ್ಪಿಕೊಂಡಿತು. ಅವರು ನೀರಿನ ಮೇಲೆ ನಿಂತು ಆಗ 44 ವರ್ಷಗಳಾಗಿದ್ದವು.

ಈ ಮನ್ನಣೆಯಿಂದ ಅವರ ಕೈಗೆ ಹಣವೇನೂ ಬರುವಂತಿರಲಿಲ್ಲ. ಪೇಟೆಂಟಿನ ಕಾಲ ಎಂದೋ ಮುಗಿದಿತ್ತು. ಆದರೂ ಬದುಕಿರುವಾಗಲೇ ಅದು ದೊರೆತದ್ದು ನಮಗೆ ಸಮಾಧಾನದ ವಿಷಯವೇ ಸರಿ. 1977ರ ಆಗಸ್ಟ್ ತಿಂಗಳಲ್ಲಿ, ತಮ್ಮ 74ನೆಯ ವಯಸ್ಸಿನಲ್ಲಿ, ಸ್ಯಾಮ್ಯುಯೆಲ್ಸನ್ನರು ತೀರಿಕೊಂಡರು. ಲೇಕ್ ಸಿಟಿಯವರು ಈಗಲೂ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ವಾಟರ್ ಸ್ಕೀ ಹಬ್ಬವನ್ನು ಆಚರಿಸುತ್ತಾರೆ.