ಕೋನವನ್ನು ಅಳೆದ ಲ್ಯಾಂಬ್ಟನ್ ಸಾಹೇಬರು

ಕಾರ್ಕಳದ ಬಂಡೆಗುಡ್ಡದ ಮೇಲೆ ನಿಂತು, ಸುಮಾರು 17 ಮೈಲು ಪಡುವಣಕ್ಕಿರುವ ಕಾಪುವಿನ ದೀಪಸ್ತಂಭದ ಕಡೆಗೆ ಒಂದು ಯಂತ್ರವನ್ನು ತಿರುಗಿಸಿದಿರೆಂದು ಎಣಿಸಿರಿ. ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೆ ಗುರಿಯು ಕಾಲು ಮೈಲಿಗೂ ಹೆಚ್ಚು ತಪ್ಪುವದು. ಡಿಗ್ರಿಯ 3600ನೆಯ ಪಾಲಾದ ಒಂದು ಸೆಕೆಂಡು ಮಾತ್ರ ತಪ್ಪಿದರೆ ಸುಮಾರು 5 ಅಂಗುಲವಷ್ಟೇ. ಈ ಸೆಕೆಂಡುಗಳಿಗಾಗಿ ವಿಲಿಯಂ ಲ್ಯಾಂಬ್ಟನ್ ಸಾಹೇಬರು ತಮ್ಮ ಆಯುಷ್ಯವನ್ನು ಸವೆಸಿದರು.

ಇವರು ಇಂಗ್ಲೆಂಡಿನ ಸಿಪಾಯಿ ಅಧಿಕಾರಿಗಳು. 1799ರಲ್ಲಿ ಶ್ರೀರಂಗಪಟ್ಟಣದ ದಂಡಿನಲ್ಲಿದ್ದಾಗ, ಒಂದು ರಾತ್ರಿ ದಂಡು ದಿಕ್ಕು ತಪ್ಪಿ ಶತ್ರುಗಳ ಕಡೆಗೆ ನಡೆಯುತ್ತಿರುವದನ್ನು ನಕ್ಷತ್ರಗಳನ್ನು ನೋಡಿಯೇ ತಿಳಿದು ಎಚ್ಚರಿಸಿದರು. ಯುದ್ಧವು ಮುಗಿದ ಮೇಲೆ ದೇಶವನ್ನು ಅಳೆಯುವ ಕೆಲಸಕ್ಕೆ ಕೈಹಾಕಿದರು. ತ್ರಿಕೋನದ ಒಂದು ಬದಿಯನ್ನು ಸರಪಣಿಯಿಂದ ಅಳೆದು ಕೋನಗಳನ್ನು ತಿಳಿದರೆ, ಉಳಿದ ಬದಿಗಳು ಲೆಕ್ಕದಿಂದಲೇ ದೊರೆಯುವವು. ಅದಕ್ಕಾಗಿ ಲಂಡನಿನಿಂದ ಒಂದು ಥಿಯೊಡೊಲೈಟನ್ನು ತರಿಸಿದರು. ಅದರ ಚಕ್ರದ ಅಗಲವು 36 ಅಂಗುಲ, ತೂಕವು ಅರ್ಧ ಟನ್ನು. ಅದರ ಗೆರೆಗಳನ್ನು ಸೂಕ್ಷ್ಮದರ್ಶಕದಿಂದ ಓದಬೇಕಾಗಿತ್ತು. ರಾಮ್ಸ್‌ಡೆನ್ ಎಂಬ ಕುಶಲಿಯು ಮಾಡಿದ ಇನ್ನೊಂದು ಯಂತ್ರದಿಂದ, ನೆತ್ತಿಯ ಮೇಲೆ ಹಾಯುವ ನಕ್ಷತ್ರಗಳ ಕೋನವನ್ನು ಅಳೆದು ಅಕ್ಷಾಂಶವನ್ನು ನಿಶ್ಚಯಿಸಿದರು.

1802ರಲ್ಲಿ ಮದ್ರಾಸಿನ ಬಳಿ ಮೊದಲುಗೊಂಡ ತ್ರಿಕೋನಗಳು ಮೈಸೂರು ಸೀಮೆಯನ್ನು ದಾಟಿ, ಘಟ್ಟವನ್ನಿಳಿದು ಮಂಗಳೂರಿನ ಕಡಲನ್ನು ಮುಟ್ಟಿದವು. ಆಗ ಹಳೆಯ ನಕ್ಷೆಗಳ 400 ಮೈಲು ಅಗಲದ ನಾಡು 360 ಮೈಲಾಗಿ ಕುಗ್ಗಿತು. ಈ ನಡುವೆ 1804ರಲ್ಲಿ ಬೆಂಗಳೂರಿನಲ್ಲಿ ಏಳು ಮೈಲಿಗೂ ಮಿಕ್ಕ ಗೆರೆಯನ್ನು ಸರಪಣಿಯಿಂದ ಅಳೆದು ನೋಡಲು, ಲೆಕ್ಕಕ್ಕೂ ಅಳತೆಗೂ ಇದ್ದ ಭೇದವು ಸುಮಾರು 4 ಅಂಗುಲ ಮಾತ್ರವೇ.

ಹೀಗಿರಲಾಗಿ 1808ರಲ್ಲಿ ದೊಡ್ಡ ಆಪತ್ತು ಬಂತು. ತಂಜಾವೂರಿನ ಗೋಪುರಕ್ಕೆ ಯಂತ್ರವನ್ನು ಎತ್ತುತ್ತಿರುವಾಗ ಹಗ್ಗವು ಕಡಿಯಿತು. ಯಂತ್ರವು ಗೋಡೆಗೆ ಅಪ್ಪಳಿಸಿ, ಚಕ್ರವು ಸೊಟ್ಟಗಾಯಿತು. ಸೊಟ್ಟ ಚಕ್ರವು ತೋರಿಸುವ ಸೆಕೆಂಡನ್ನು ಯಾರು ನಂಬುವರು? ಅದನ್ನು ಬಿಸಾಡಬೇಕೆಂದು ಬೇರೆಯವರು ತಿಳಿಯುತ್ತಿದ್ದರು. ಸಾಹೇಬರಾದರೋ ಅದರೊಂದಿಗೆ ಡೇರೆಯೊಳಗೆ ಸೇರಿಕೊಂಡು, ಬೆಣೆ, ತಿರುಪು, ರಾಟೆಗಳಿಂದ ಆರು ವಾರಗಳ ಕಾಲ ಕೂದಲೆಳೆ ಕೂದಲೆಳೆಯಾಗಿ ಎಳೆದು ಚಕ್ರವನ್ನು ಮೊದಲಿನ ರೂಪಕ್ಕೆ ತಂದರು. ಅದೇ ಯಂತ್ರವು ಮುಂದೆಯೂ ಬಹು ವರ್ಷ ಕೆಲಸ ಮಾಡಿತು.

1823ನೇ ಜನವರಿ 20ರಂದು ಅವರು ಅಳತೆಯ ಹಾದಿಯಲ್ಲೇ, ಹಿಂಗಣಘಾಟಿನಲ್ಲಿ ತೀರಿಕೊಂಡರು. ಆ ಭಾರವನ್ನು ಬೆಟ್ಟಬೆಟ್ಟಕ್ಕೆ ಹೊತ್ತ ಕೂಲಿಯವರ ಹೆಸರುಗಳು ಜನರ ಬಾಯಲ್ಲಿ ಉಳಿಯಲಿಲ್ಲ. ಅವರ ಹೆಗಲಿಲ್ಲದೆ ಒಂದು ಕೋನವೂ ಸಿಕ್ಕುತ್ತಿರಲಿಲ್ಲ. ಯಂತ್ರದ ನಿಖರತೆಯು ಬರೇ ಹಿತ್ತಾಳೆಯಲ್ಲಿಲ್ಲ. ಅದನ್ನು ಹೊರುವವರ ಜಾಗ್ರತೆಯಲ್ಲಿಯೂ ಕೆಟ್ಟದ್ದನ್ನು ತಿದ್ದುವವರ ತಾಳ್ಮೆಯಲ್ಲಿಯೂ ಅದೆ.