ಚಿನ್ನಕ್ಕೆ 46 ಸೆಂ.ಮೀ. ಕೊರತೆ: ಒಲಿಂಪಿಕ್ಸ್ ಕಾಯದ ಆಟಗಾರ್ತಿ ಅಲೆಕ್ಸಾಂಡ್ರಾ ಚುದಿನಾ

1952ರ ಜುಲೈ 24, ಹೆಲ್ಸಿಂಕಿ ಒಲಿಂಪಿಕ್ಸ್. ಮಹಿಳೆಯರ ಜಾವೆಲಿನ್ ಥ್ರೋ ಸ್ಪರ್ಧೆಯಲ್ಲಿ ಸೋವಿಯತ್ ಒಕ್ಕೂಟದ ಅಲೆಕ್ಸಾಂಡ್ರಾ ಚುದಿನಾ 50.01 ಮೀಟರ್ ದೂರ ಎಸೆದರು. ಆದರೆ ಚೆಕೊಸ್ಲೊವಾಕಿಯಾದ ಡಾನಾ ಜಾಟೊಪೆಕೊವಾ ಅವರ ಎಸೆತ 50.47 ಮೀಟರ್ ತಲುಪಿತ್ತು. ಕೇವಲ 46 ಸೆಂ.ಮೀ. ಅಂತರದಲ್ಲಿ ಚಿನ್ನ ಕೈತಪ್ಪಿತು.

ಹಿಂದಿನ ದಿನವೂ ಹೀಗೇ ಆಗಿತ್ತು. ಉದ್ದ ಜಿಗಿತದಲ್ಲಿ 6.14 ಮೀಟರ್ ಹಾರಿದ್ದ ಅವರು, ನ್ಯೂಜಿಲೆಂಡ್‌ನ ಇವೆಟ್ ವಿಲಿಯಮ್ಸ್ ಅವರಿಗಿಂತ 10 ಸೆಂ.ಮೀ. ಹಿಂದೆ ಬಿದ್ದು ಬೆಳ್ಳಿ ಪಡೆದಿದ್ದರು. ಜುಲೈ 27ರಂದು ಎತ್ತರ ಜಿಗಿತದಲ್ಲಿ 1.63 ಮೀಟರ್‌ನೊಂದಿಗೆ ಕಂಚು ಒಲಿಯಿತು. ಐದೇ ದಿನಗಳಲ್ಲಿ, ಒಂದಕ್ಕೊಂದು ಹೋಲದ ಮೂರು ಸ್ಪರ್ಧೆಗಳಲ್ಲಿ ಮೂರು ಪದಕ!

ಚುದಿನಾ ಹುಟ್ಟಿದ್ದು 1923ರಲ್ಲಿ. ಹರೆಯದ ವರ್ಷಗಳನ್ನು ಎರಡನೇ ಮಹಾಯುದ್ಧ ನುಂಗಿಹಾಕಿತು. 1946ರ ಓಸ್ಲೊ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದರೂ, 1948ರ ಲಂಡನ್ ಒಲಿಂಪಿಕ್ಸ್‌ಗೆ ಸೋವಿಯತ್ ಒಕ್ಕೂಟ ತಂಡವನ್ನೇ ಕಳುಹಿಸಲಿಲ್ಲ. ಹೀಗಾಗಿ ಮೊದಲ ಅವಕಾಶ ಸಿಕ್ಕಾಗ ಅವರಿಗೆ 28 ವರ್ಷ. ಅದೇ ಕೊನೆಯದ್ದೂ ಆಯಿತು.

ಹಾಗೆಂದು ಅವರು ಚಿನ್ನ ಗೆಲ್ಲದ ಆಟಗಾರ್ತಿಯಲ್ಲ. ಹೆಲ್ಸಿಂಕಿಯಿಂದ ಮರಳಿದ ಮರುತಿಂಗಳೇ ಮಾಸ್ಕೋದಲ್ಲಿ ನಡೆದ ಚೊಚ್ಚಲ ಮಹಿಳಾ ವಿಶ್ವ ವಾಲಿಬಾಲ್ ಚಾಂಪಿಯನ್‌ಷಿಪ್ ಗೆದ್ದ ಸೋವಿಯತ್ ತಂಡದಲ್ಲಿ ಅವರಿದ್ದರು. 1956 ಮತ್ತು 1960ರಲ್ಲೂ ವಿಶ್ವ ಕಿರೀಟ ಅವರ ತಂಡದ್ದೇ. 1954ರಲ್ಲಿ ಕೀವ್‌ನಲ್ಲಿ 1.73 ಮೀಟರ್ ಎತ್ತರ ಜಿಗಿದು ವಿಶ್ವದಾಖಲೆ ಬರೆದರು. ಅದೇ ವರ್ಷ ಬರ್ನ್‌ನಲ್ಲಿ, ಐದು ಸ್ಪರ್ಧೆಗಳನ್ನು ಒಳಗೊಂಡ ಪೆಂಟಾಥ್ಲಾನ್‌ನಲ್ಲಿ ಯುರೋಪ್ ಚಾಂಪಿಯನ್ ಆದರು.

ವಿಪರ್ಯಾಸವೆಂದರೆ, ಅವರು ಅತ್ಯಂತ ಬಲಿಷ್ಠರಾಗಿದ್ದ ವಾಲಿಬಾಲ್ ಮತ್ತು ಪೆಂಟಾಥ್ಲಾನ್ ಎರಡೂ ಆಗ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. 1964ರ ಟೋಕಿಯೊ ಕೂಟದಲ್ಲಿ ಎರಡಕ್ಕೂ ಒಟ್ಟಿಗೇ ಸ್ಥಾನ ಸಿಕ್ಕಾಗ ಚುದಿನಾ ವಯಸ್ಸು 40. ಪೆಂಟಾಥ್ಲಾನ್ ಚಿನ್ನ ಸೋವಿಯತ್‌ನವರೇ ಆದ ಇರಿನಾ ಪ್ರೆಸ್ ಕೊರಳೇರಿತು. ವಾಲಿಬಾಲ್‌ನಲ್ಲಿ ಸೋವಿಯತ್ ತಂಡ ಜಪಾನ್ ಎದುರು ಸೋತು ಬೆಳ್ಳಿ ಪಡೆಯಿತು.

ಚುದಿನಾ 1990ರಲ್ಲಿ ನಿಧನರಾದರು. ಒಲಿಂಪಿಕ್ಸ್ ಪಟ್ಟಿಯಲ್ಲಿ ಅವರ ಹೆಸರಿನ ಮುಂದಿರುವುದು ಎರಡು ಬೆಳ್ಳಿ, ಒಂದು ಕಂಚು. ಮೂರು ವಿಶ್ವ ವಾಲಿಬಾಲ್ ಕಿರೀಟಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.